ಊನದ ಲೆಕ್ಕ

ಕಪನೂರಿನ ಬೇಳೆ ಮಿಲ್ಲಿನಲ್ಲಿ ನಾನು
ದಿನಕ್ಕೆ ನಲವತ್ತು ಸಲ ಬರೆಯುವ ಪದ: ಆವರೇಜ್.
ಚೀಲಕ್ಕೆ ಮೊನೆಗೊಳವೆ ಚುಚ್ಚಿ ತೆಗೆದ ಹಿಡಿ ತೊಗರಿ
ತಟ್ಟೆಗೆ ಸುರಿದು, ಹರಡಿ,
ಕಲ್ಲೆಷ್ಟು, ಹುಳ ತಿಂದದ್ದೆಷ್ಟು, ತೇವವೆಷ್ಟು,
ಗೆರೆ ಎಳೆದು, ಗೆರೆಯ ಕೆಳಗೆ ಅದು.

ಟಂಟಂ ಓಡಿಸುವ ಸೈಬಣ್ಣನಿಗೂ ಅದೇ ಪದ ಬೇಕು.
ಒಂದೇ ದೀಪದ ಗಾಡಿ ಅವನದು, ಇನ್ನೊಂದು ಕಣ್ಣನ್ನು
ಹೀರಾಪುರ ಕ್ರಾಸಿನ ಎಮ್ಮೆಗೆ ಕೊಟ್ಟು ಬಂದಿದ್ದಾನೆ.
"ಆವರೇಜ್ ಹೆಂಗ್ ಕೊಡ್ಲತ್ತದೋ?"
"ಇಪ್ಪತ್ತೆರಡ್ರಿ ಅಕ್ಕೋರ. ಇಳಿಜಾರ ಸಿಕ್ರ ಇಪ್ಪತ್ತೈದು."

ನನ್ನ ಏಳನೆತ್ತೆಯ ಕಾರ್ಡಿನಲ್ಲೂ ಇತ್ತು, ಕೆಂಪು ಮಸಿಯಲ್ಲಿ:
ಜಗದೇವಿ, ಆವರೇಜ್.
ಅಪ್ಪ ಅದನ್ನು ಗಾಡಿಯ ಮಾತೆಂದೇ ತಿಳಿದು
ಮಗಳು ಬಹಳ ದೂರ ಓಡುತ್ತಾಳೆಂದು
ಓಣಿಗೆಲ್ಲ ಪೇಢೆ ಹಂಚಿದ್ದ.

ಬುಧವಾರ ವಜೀಹುದ್ದೀನ್ ಉಸ್ತಾದರು ಬಂದರು,
ರೋಜಾದ ಹಿಂದಿನ ಗಲ್ಲಿಯವರು, ಮೂವತ್ತು ವರ್ಷ ಅರಬ್ಬಿ ಕಲಿಸಿದವರು.
ಐದು ಕಿಲೋ ಬೇಳೆ ತೂಗುವವರೆಗೆ ಚೀಲದ ಮೇಲೆ ಕೂತು
ನನ್ನ ರಜಿಸ್ಟರನ್ನು ತಲೆಕೆಳಗಾಗಿ ಓದಿ ನಕ್ಕರು:
"ಈ ಶಬ್ದ ನಮ್ ಕಡೀದು, ಬೇಟಿ."

ಅವಾರ್. ಅಂದರೆ ಊನ.
ಹಡಗಿನ ತಳದಲ್ಲಿ ಉಪ್ಪುನೀರು ಕುಡಿದ ಅರಿವೆ,
ಬೂಸಲು ಹಿಡಿದ ಮೆಣಸು.
ಇಟಲಿಯ ಸಾವಕಾರರು ಬಂದರಿನಲ್ಲಿ ಕೇಳಿಸಿಕೊಂಡು
ಅವಾರಿಯಾ ಅಂದರಂತೆ. ಫ್ರೆಂಚರು ಅದರ ಬಾಲ ಮೊಟಕಿದರು,
ಇಂಗ್ಲಿಷಿನವರು ಡ್ಯಾಮೇಜಿನ ಬಾಲ ತಂದು ಹೊಲಿದರು.
ಬಿರುಗಾಳಿಯಲ್ಲಿ ಹಡಗು ಉಳಿಯಲೆಂದು
ಒಬ್ಬನ ಮೂಟೆ ಕಡಲಿಗೆಸೆದರೆ
ಆ ಲುಕ್ಸಾನು ಎಲ್ಲರ ತಲೆಗೂ ಹಂಚಬೇಕು, ಅದು ಕಾಯ್ದೆ.
ಹಂಚುವುದು ಮರೆತುಹೋಯಿತು, ಭಾಗಾಕಾರ ಉಳಿಯಿತು.
"ಖಾತ್ರಿ ಅಂತ ಹೇಳಂಗಿಲ್ಲ," ಅಂದರು,
"ಶಬ್ದಕ್ಕ ಪಾಸ್‌ಪೋರ್ಟ್ ಯಾರ್ ಕೊಡ್ತಾರ?"

ಹಾಗಾದರೆ ನಮ್ಮ ಸರಾಸರಿ?
ಅದೂ ಪಾರ್ಸಿಯದಂತೆ, ತಲೆಯಿಂದ ತಲೆಗೆ ಅಂತ.
"ನಮ್ದಂತ ಒಂದೂ ಇಲ್ಲೇನ್ರಿ?"
"ತೊಗರಿ ಅದಲ್ಲ."

ಆಮೇಲೆ ದನಿ ತಗ್ಗಿಸಿದರು.
ಅದೇ ಮೂರಕ್ಷರ, ಐನ್ ವಾವ್ ರೇ,
ಬೇರೆ ಸ್ವರ ತೊಟ್ಟರೆ ಒಕ್ಕಣ್ಣ
(ನನಗೆ ಸೈಬಣ್ಣನ ಗಾಡಿ ನೆನಪಾಯಿತು),
ಇನ್ನೊಂದು ತೊಟ್ಟರೆ ಕಾವಲಿಲ್ಲದ ಬಿರುಕು,
ನಮ್ಮ ಕೋಟೆಗೋಡೆ ಕುಸಿದಲ್ಲಿ ಹುಡುಗರು
ಗಾಳಿಪಟದ ಬೆನ್ನಟ್ಟಿ ನುಗ್ಗುವ ಕಿಂಡಿಯಂಥದ್ದು,
ಮತ್ತೆ, ಮುಚ್ಚಿಡಬೇಕಾದದ್ದು,
ಮತ್ತೆ, ಅಂಗಳದ ಕಡೆ ನೋಡದೆ ಹೇಳಿದರು, ಔರತ್.

ಅಂಗಳದ ತಗಡಿನ ನೆರಳಲ್ಲಿ ಹದಿನಾಲ್ಕು ಹೆಂಗಸರು
ಮೊರದಲ್ಲಿ ಕಲ್ಲು ಆರಿಸುತ್ತಿದ್ದರು.
ರವಿವಾರದ ಮಳೆಗೆ ನೆಂದ ಚೀಲಗಳ ಲುಕ್ಸಾನು,
ಮೂರು ಸಾವಿರದ ನಾನೂರು,
ತಾಡಪತ್ರಿ ಹೊದಿಸಲಿಲ್ಲವೆಂದು ಚಾಂದಬೀಯೊಬ್ಬಳ ಪಗಾರಕ್ಕೆ ಬಿದ್ದಿತ್ತು.
ಹಾಗೆಂದು ಬರೆದವಳು ನಾನೇ, ಇದೇ ಕೈ.

"ಏನಂತಾರ ಮಾಸ್ತರು?" ಅವಳು ಮೊರ ನಿಲ್ಲಿಸದೆ ಕೇಳಿದಳು.
ಹೇಳಿದೆ, ಹಡಗು, ಮೂಟೆ, ಕಾಯ್ದೆ, ಬೇರು, ಎಲ್ಲ.
ಔರತ್ ಎಂಬಲ್ಲಿ ತಡವರಿಸಿದೆ.
ಅವಳು ಹೊಟ್ಟು ಹಾರಿಸಿದಳು, ಗಾಳಿ ನನ್ನ ಕಡೆಗಿತ್ತು.
"ಬೇರ್ ಯಾವ್ದರ ಇರ್ಲಿ.
ಆ ಕಾಯ್ದೆ ಚೊಲೊ ಅದ.
ಸೇಠಜೀ ತಲಿನೂ ಎಣಿಸ್ತಿಯೇನ್ ಅದ್ರಾಗ?"

ಉಸ್ತಾದರು ಬೇಳೆಯ ಚೀಲ ಎತ್ತಿಕೊಂಡು
ಚಿಲ್ಲರೆ ಬಿಟ್ಟೇ ಹೋದರು.

ಸಂಜೆ ಕೂತು ಹೊಸ ಪುಟ ತೆಗೆದೆ.
ಹದಿನಾಲ್ಕು ತಲೆ, ನಾನೊಂದು, ಸೇಠಜೀ ಒಂದು.
ತಲೆಗೆ ಇನ್ನೂರಾ ಹನ್ನೆರಡೂವರೆ.
ಗೆರೆ ಎಳೆದು, ಕೆಳಗೆ ಬರೆದೆ ಆ ಪದ,
ಮೊದಲ ಸಲ ಅರ್ಥ ಗೊತ್ತಿದ್ದು.

ಹೊರಗೆ ಸೈಬಣ್ಣ ಹಾರ್ನ್ ಒತ್ತುತ್ತಿದ್ದ.
ಅವನ ಒಂದೇ ದೀಪ ಬಾಗಿಲ ಸಂದಿಯಿಂದ
ಮಸಿ ಆರದ ಪುಟದ ಮೇಲೆ ಬಿದ್ದಿತ್ತು.
ನಾಳೆ ಹತ್ತಕ್ಕೆ ಸೇಠಜೀ ಬರುತ್ತಾರೆ.